ಸೀಟ್ ಇಳಿಸಿದ್ರೆ ಸರಿಹೋಗತ್ತೆ ಮೇಡಂ

23,999 ಅನ್ನೋ ಅಂಕಿಯ ಮೇಲೆ ಕೆಂಪು ಗೀಟು. ಅದರ ಕೆಳಗೆ ದಪ್ಪಕ್ಕೆ 14,399. ಪಕ್ಕದಲ್ಲೊಂದು ಹಳದಿ ನಕ್ಷತ್ರ, ಅದರೊಳಗೆ 40% ಆಫ್. ನನ್ನ ಬಜೆಟ್ಟು 15,000. ಯಾರೋ ನನ್ನ ಪರ್ಸ್ ಇಣುಕಿ ನೋಡಿಯೇ ಬೆಲೆ ಇಳಿಸಿದ್ದಾರೆ ಅನ್ನಿಸಿಬಿಡ್ತು.

ಈ 15,000 ಎಂಥದ್ದು ಅಂತ ಮೊದಲೇ ಹೇಳಿಬಿಡ್ತೀನಿ. ಪಿಜಿ ಬಾಡಿಗೆ, ಊರಿಗೆ ಕಳಿಸೋದು, ತಮ್ಮನ ಓದಿಗೆ ಮಾಡಿದ ಸಾಲದ ಕಂತು ಎಲ್ಲ ಕಳೆದ ಮೇಲೆ ನನ್ನ ಸಂಬಳದಲ್ಲಿ ಉಳಿಯೋದು ಯಾರ ಹತ್ರಾನೂ ಹೇಳ್ಕೊಳ್ಳೋ ಹಾಗಿಲ್ಲ. ಇದು ಬೋನಸ್ ದುಡ್ಡು. ಕೆಲಸಕ್ಕೆ ಸೇರಿದ ಐದು ವರ್ಷದಲ್ಲಿ 'ಇದು ನನಗೆ' ಅಂತ ಎತ್ತಿಟ್ಟ ಮೊದಲ ಮೊತ್ತ. ಅದೂ ಊರಲ್ಲಿ ಅಡುಗೆಮನೆ ಸೂರು ಮಳೆಗೆ ಸೋರತ್ತೆ ಅಂತ ಗೊತ್ತಿದ್ದೂ ಎತ್ತಿಟ್ಟಿದ್ದು. ಸೈಕಲ್ ತಗೊಂಡು ತಪ್ಪಾಯ್ತು ಅಂದ್ರೆ ದುಡ್ಡು ಹೋಗೋದರ ಜೊತೆಗೆ ಪ್ರತಿ ಮಳೆಗಾಲಕ್ಕೂ ಆ ಸೂರು ನೆನಪಾಗತ್ತೆ.

ಮೌಂಟನ್ ಬೈಕೇ ಯಾಕೆ ಅಂತ ರೂಮ್‌ಮೇಟ್ ಕೇಳಿದ್ಲು. ಬೆಂಗಳೂರಿನ ರಸ್ತೆ ನೋಡಿದವರು ಕೇಳೋ ಪ್ರಶ್ನೆ ಅಲ್ಲ ಅದು. ಆದ್ರೆ ನಿಜವಾದ ಕಾರಣ ತುರಹಳ್ಳಿ. ಒಂದು ಭಾನುವಾರ ಆಫೀಸಿನವರ ಜೊತೆ ಯಾರದೋ ಸೈಕಲ್ ಎರವಲು ತಗೊಂಡು ಹೋಗಿದ್ದೆ. ಕಾಡಿನಂಚಿನ ಮಣ್ಣುದಾರಿ, ಅಲ್ಲಲ್ಲಿ ಕಲ್ಲು, ಬೇರು. ಮೊದಲ ಇಳಿಜಾರಲ್ಲೇ ಕಿರುಚಿದೆ. ಹೆದರಿಕೊಂಡೆ ಅಂತ ಎಲ್ಲರೂ ಅಂದ್ಕೊಂಡ್ರು.

ಅದು ಹೆದರಿಕೆ ಅಲ್ಲ, ಹಳೇ ಅಭ್ಯಾಸ. ತಿಪಟೂರು ತಾಲ್ಲೂಕಿನ ನಮ್ಮೂರಿಂದ ಹೈಸ್ಕೂಲಿಗೆ ನಾಲ್ಕು ಕಿಲೋಮೀಟರ್. ಸರ್ಕಾರಿ ಶಾಲೆಯ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಡೋ ಯೋಜನೆ ಶುರುವಾಗಿದ್ದು 2006-07ರಲ್ಲಿ, ನನ್ನ ಸರದಿ ಬಂದದ್ದು 2008ರಲ್ಲಿ. ತೆಂಗಿನ ತೋಟದ ನಡುವೆ ಒಂದು ಇಳಿಜಾರಿತ್ತು. ಅಲ್ಲಿಗೆ ಬಂದ ಕೂಡಲೇ ನಾವು ಹುಡುಗೀರೆಲ್ಲ ಪೆಡಲ್ ಬಿಟ್ಟು, ಕಾಲು ಚಾಚಿ, ಕೂಗ್ತಾ ಇಳೀತಿದ್ವಿ. ಆಗ ಆಯ್ಕೆ ಅನ್ನೋ ತಲೆನೋವೇ ಇರಲಿಲ್ಲ. ಎಲ್ಲರಿಗೂ ಒಂದೇ ಥರದ ಸೈಕಲ್. ತಗೊಂಡು ಸುಮ್ಮನೆ ಮನೆಗೆ ಬರೋದು ಅಷ್ಟೇ.

ಇಲ್ಲಿ ಹಾಗಲ್ಲ. ಅಂಗಡಿಯ ಹುಡುಗ ಮೊದಲು ನನ್ನನ್ನ ಕರ್ಕೊಂಡು ಹೋಗಿ ನಿಲ್ಲಿಸಿದ್ದು ಬುಟ್ಟಿ ಇರೋ ಗುಲಾಬಿ ಸೈಕಲ್ ಮುಂದೆ. "ಲೇಡೀಸ್‌ಗೆ ಇದೇ ಹೋಗತ್ತೆ ಮೇಡಂ." ನಾನು ಹಳದಿ ನಕ್ಷತ್ರದ ಕಡೆ ಕೈ ತೋರಿಸಿದ ಮೇಲೆ ಅವನ ದನಿಯೇ ಬದಲಾಯ್ತು. "ಡಬಲ್ ಸಸ್ಪೆನ್ಷನ್ ಮೇಡಂ. ಮುಂದೂ ಇದೆ, ಹಿಂದೂ ಇದೆ. 21 ಗೇರು. ಎರಡೂ ಕಡೆ ಡಿಸ್ಕ್ ಬ್ರೇಕು. ಗುಂಡಿ ಬಂದ್ರೆ ಗೊತ್ತೇ ಆಗಲ್ಲ."

ಹತ್ತಿ ನೋಡೋಣ ಅಂದೆ. ಐದಡಿ ಎರಡಿಂಚಿನ ನನಗೆ ಸೀಟಿನ ಮೇಲೆ ಕೂತ್ರೆ ಹೆಬ್ಬೆರಳ ತುದಿ ಮಾತ್ರ ನೆಲಕ್ಕೆ ತಾಗ್ತಿತ್ತು. ಅವನು ಲಿವರ್ ಸಡಿಲಿಸಿ ಸೀಟು ಪೂರ್ತಿ ಇಳಿಸಿದ. "ನೋಡಿ, ಸೀಟ್ ಇಳಿಸಿದ್ರೆ ಸರಿಹೋಗತ್ತೆ." ಕಾರ್ಡ್ ಕೈಗೆ ಬಂದಿತ್ತು, ಸತ್ಯವಾಗ್ಲೂ. ಅಷ್ಟರಲ್ಲಿ ಪಿಜಿಯ ಎರಡನೇ ಮಹಡಿ ನೆನಪಾಯ್ತು. ಅಲ್ಲಿಗೆ ದಿನಾ ಎತ್ಕೊಂಡು ಹೋಗ್ಬೇಕಲ್ಲ ಅಂತ ಒಂದು ಸಲ ಎತ್ತಿ ನೋಡಿದೆ. ಮುಂದಿನ ಚಕ್ರ ಎದ್ದಿತು, ಹಿಂದಿನದು ಏಳಲಿಲ್ಲ. "ಎಷ್ಟು ಕೆಜಿ?" ಅಂದೆ. "ಹದಿನೆಂಟು ಇರ್ಬಹುದು ಮೇಡಂ, ಗಟ್ಟಿ ಮಾಲು."

ಹೊರಗೆ ಬಂದು ನಮ್ಮ ಟೀಮ್ ಲೀಡ್‌ಗೆ ಫೋನ್ ಮಾಡಿದೆ. ಮನುಷ್ಯ ಆಫೀಸಲ್ಲಿ ಹೆಚ್ಚು ಮಾತಾಡಲ್ಲ, ಸೈಕಲ್ ವಿಷಯ ಅಂದ್ರೆ ಮಾತ್ರ ನಿಲ್ಲಿಸಲ್ಲ. "ಫ್ರೇಮ್ ಸೈಜ್ ಎಷ್ಟು ಅಂತ ಕೇಳಿದ್ಯಾ?" ಕೇಳಿರಲಿಲ್ಲ. ಒಳಗೆ ಹೋಗಿ ಕೇಳಿದೆ, 19 ಇಂಚು. ಬೇರೆ ಸೈಜು ಇಲ್ಲ, ಅದೊಂದೇ ಉಳಿದಿರೋದು.

"ಹಂಗಾದ್ರೆ ಆಫರ್ ಯಾಕಿದೆ ಅಂತ ಅರ್ಥ ಆಯ್ತಲ್ಲ. ಆರಡಿ ಹತ್ರ ಇರೋರಿಗೆ ಅದು. ನಿನಗೆ 15 ಇಂಚು ಬೇಕು. ಚಪ್ಪಲಿ ಆಫರಲ್ಲಿದೆ ಅಂತ ಒಂಬತ್ತು ನಂಬರಿಂದು ತಗೋತೀಯೇನಮ್ಮ?"

"ಸೀಟ್ ಇಳಿಸಬಹುದಂತೆ."

"ಸೀಟ್ ಇಳಿಯತ್ತೆ, ಫ್ರೇಮ್ ಇಳಿಯತ್ತಾ? ಸೀಟು ಬಿಟ್ಟು ಮುಂದೆ ಬಂದು ಎರಡೂ ಕಾಲು ಊರಿ ನಿಂತ್ಕೋ. ಮೇಲಿನ ಅಡ್ಡ ಪೈಪಿಗೂ ನಿನಗೂ ನಡುವೆ ಒಂದೆರಡು ಇಂಚು ಜಾಗ ಇರ್ಬೇಕು. ತುರಹಳ್ಳಿಯ ಕಲ್ಲಲ್ಲಿ ಗಕ್ಕನೆ ಕಾಲು ಕೊಟ್ಟಾಗ ಏನಾಗತ್ತೆ ಅಂತ ನಾನು ಬಿಡಿಸಿ ಹೇಳ್ಬೇಕಾಗಿಲ್ಲ. ಹ್ಯಾಂಡಲ್ಲೂ ದೂರ ಆಗತ್ತೆ, ಬೆನ್ನು ನೋವು ಉಚಿತ."

ಹಿಂದಿನ ಸಸ್ಪೆನ್ಷನ್ ಬಗ್ಗೆ ಅವರು ಹೇಳಿದ್ದು ನನಗೆ ಹೊಸದು. ಒಳ್ಳೇ ಶಾಕ್ ಅಬ್ಸಾರ್ಬರ್ ಒಂದರ ಬೆಲೆಯೇ ನನ್ನ ಇಡೀ ಬಜೆಟ್ ದಾಟತ್ತಂತೆ. ಈ ಬೆಲೆಗೆ ಸಿಗೋದು ಬರೀ ಸ್ಪ್ರಿಂಗು. ನಾವು ಏರಿನಲ್ಲಿ ಪೆಡಲ್ ತುಳಿದಷ್ಟೂ ಅದು ಕುಗ್ಗಿ ಕುಗ್ಗಿ ಏಳತ್ತೆ. ನಮ್ಮ ಶಕ್ತಿ ಚಕ್ರಕ್ಕೆ ಹೋಗೋ ಬದಲು ಸ್ಪ್ರಿಂಗಿಗೆ ಹೋಗತ್ತೆ, ಮೇಲಿಂದ ಅದರ ಭಾರವನ್ನೂ ನಾವೇ ಹೊರಬೇಕು. 21 ಗೇರೂ ಅಷ್ಟೇ, ಮುಂದಿನ ಮೂರು ಹಲ್ಲುಚಕ್ರ ಗುಣಿಸು ಹಿಂದಿನ ಏಳು. ಅದರಲ್ಲಿ ಎಷ್ಟೋ ಒಂದರ ಮೇಲೊಂದು ಬೀಳೋ ಗೇರುಗಳೇ. ಏರು ಹತ್ತೋಕೆ ಬೇಕಾಗಿರೋದು ಮುಂದೆ ಚಿಕ್ಕದು, ಹಿಂದೆ ದೊಡ್ಡದು.

ಅವತ್ತು ರಾತ್ರಿ ಕೂತು ಮೌಂಟನ್ ಬೈಕಿನ ಚರಿತ್ರೆ ಓದಿದೆ. (ದುಡ್ಡು ಖರ್ಚು ಮಾಡೋದನ್ನ ಮುಂದೂಡೋಕೆ ಓದಿಗಿಂತ ಒಳ್ಳೇ ನೆಪ ಇಲ್ಲ.) 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ದಪ್ಪ ಟಯರಿನ ಹಳೇ ಗುಜರಿ ಸೈಕಲ್ ತಗೊಂಡು ಬೆಟ್ಟದ ಮಣ್ಣುದಾರಿಯಲ್ಲಿ ಇಳೀತಿದ್ರಂತೆ. 1976ರಲ್ಲಿ ಅಲ್ಲೊಂದು ರೇಸು ಶುರುವಾಯ್ತು, ಹೆಸರು ರೀಪ್ಯಾಕ್. ಒಂದು ಸಲ ಇಳಿಯೋಷ್ಟರಲ್ಲಿ ಹಿಂದಿನ ಚಕ್ರದ ಬ್ರೇಕ್ ಬಿಸಿಯಾಗಿ ಒಳಗಿನ ಗ್ರೀಸೇ ಸುಟ್ಟು ಹೋಗ್ತಿತ್ತು, ಮತ್ತೆ ಬಿಚ್ಚಿ ಗ್ರೀಸ್ ತುಂಬಬೇಕಿತ್ತು, ಅದಕ್ಕೇ ಆ ಹೆಸರು. ಸಸ್ಪೆನ್ಷನ್ ಗಿಸ್ಪೆನ್ಷನ್ ಏನೂ ಇಲ್ಲ. ಮೌಂಟನ್ ಬೈಕ್ ಹುಟ್ಟಿದ್ದೇ ಬಡವರ ಸೈಕಲ್ಲಾಗಿ ಅಂತ ಓದಿ ಯಾಕೋ ಸಮಾಧಾನ ಆಯ್ತು.

ಮುಂದಿನ ಮೂರು ಶನಿವಾರ ಅಂಗಡಿ ಸುತ್ತಿದ್ದನ್ನ ಬಿಡಿ. ಕೊನೆಗೆ ಸಿಕ್ಕಿದ್ದು ಹಿಂದಿನ ವರ್ಷದ ಮಾಡೆಲ್ಲು, 15 ಇಂಚಿನ ಫ್ರೇಮು, ಸಸ್ಪೆನ್ಷನ್ ಇಲ್ಲದ ಗಟ್ಟಿ ಫೋರ್ಕು, ರಿಮ್ ಹಿಡಿಯೋ ವಿ-ಬ್ರೇಕು, 21 ಗೇರು. 15,500ರದ್ದು 25% ಕಳೆದು 11,625. ಆಫರ್ ಯಾಕೆ ಅಂತ ಈ ಸಲ ನಾನೇ ಕೇಳಿದೆ. ಅಂಗಡಿಯವರು ನಕ್ಕು "ಕಲರ್ ನೋಡಿ" ಅಂದ್ರು. ಗಿಣಿಹಸಿರು, ಅದರ ಮೇಲೆ ಕಿತ್ತಳೆ ಪಟ್ಟಿ. ಹೆಲ್ಮೆಟ್ಟು, ಬೀಗ, ಹಿಂದೆ ಮುಂದೆ ಲೈಟು, ಪಂಪು ಸೇರಿ ಇನ್ನೊಂದು 2,400. ಒಟ್ಟು 14,025. 14,399ರ ಸೈಕಲ್ ತಗೊಂಡಿದ್ರೆ ಹೆಲ್ಮೆಟ್ಟಿಗೆ ಮುಂದಿನ ಸಂಬಳ ಕಾಯಬೇಕಿತ್ತು.

ಎಲ್ಲ ಚೆನ್ನಾಗಿದೆ ಅಂತ ಹೇಳಲ್ಲ. ತುರಹಳ್ಳಿಯ ಕಲ್ಲುದಾರಿ ಇಳಿದ್ರೆ ಅಂಗೈ ಜುಂ ಅನ್ನತ್ತೆ, ಮಳೆಯಲ್ಲಿ ಕೆಸರು ಮೆತ್ತಿದ್ರೆ ಬ್ರೇಕು ಕೊಂಚ ತಡವಾಗಿ ಹಿಡಿಯತ್ತೆ. ಮುಂದಿನ ಸಸ್ಪೆನ್ಷನ್ ಇರೋರು ಪಕ್ಕದಲ್ಲಿ ಜುಯ್ಯನೆ ಹೋದಾಗ ಹೊಟ್ಟೆ ಉರಿಯತ್ತೆ. ಆದ್ರೆ ಎರಡನೇ ಮಹಡಿಗೆ ನಾನೇ ಎತ್ತಿಕೊಂಡು ಹೋಗ್ತೀನಿ.

ಅಮ್ಮನಿಗೆ ಹೇಳೋಕೆ ಎರಡು ವಾರ ಹಿಡೀತು. ಹೇಳಿದಾಗಲೂ ಪೂರ್ತಿ ನಿಜ ಹೇಳಲಿಲ್ಲ.

"ಎಷ್ಟಾಯ್ತವ್ವ?"

"ಎಂಟು ಸಾವಿರ ಕಣಮ್ಮ. ಆಫರಲ್ಲಿತ್ತು."

"ಎಂಟು ಸಾವಿರವಾ! ಸರ್ಕಾರದೋರು ಸುಮ್ಕೆ ಕೊಟ್ಟಿದ್ರಲ್ಲೇ." ಸ್ವಲ್ಪ ಹೊತ್ತು ಸುಮ್ಮನಿದ್ರು. ನಾನು ಸೂರಿನ ವಿಷಯ ಬರತ್ತೆ ಅಂತ ಕಾಯ್ತಾ ಇದ್ದೆ. "ನಿಂದು ಆ ಸೈಕ್ಲು ಇನ್ನೂ ಐತೆ ಕಣೆ. ನಿಮ್ಮಪ್ಪ ಡೈರಿಗೆ ಹಾಲು ಹಾಕಕ್ಕೆ ಅದ್ರಾಗೇ ಹೋಗೋದು. ಸೀಟು ಹರ್ದೋಗೈತೆ, ಗೋಣಿಚೀಲ ಕಟ್ಕಂಡವ್ರೆ. ನೀನು ಹೆಂಗೂ ಸೈಕ್ಲಂಗಡಿಗೆ ಹೋಗ್ತೀಯಲ್ಲ, ಬರುವಾಗ ಒಂದು ಸೀಟು ತಗಂಬಾ."

ಬಜೆಟ್ಟಿನಲ್ಲಿ 975 ರೂಪಾಯಿ ಉಳಿದಿತ್ತು. ಮರುದಿನ ಅದೇ ಅಂಗಡಿಗೆ ಹೋಗಿ ಮೆತ್ತಗಿರೋ ಸೀಟು ತೋರಿಸಿ ಅಂದೆ. ಆಫರಲ್ಲಿರೋದು ಬೇಕಾ ಅಂತ ಕೇಳಿದ್ರು. ಮೊದಲು ಅಳತೆ ಹೇಳಿ ಅಂದೆ.