ಎಷ್ಟು ಪಟ್ಟು ಎತ್ತರ?

ಕುಂಬಾರಕೊಪ್ಪಲಿನ ನಮ್ಮ ಮನೆಯ ತಾರಸಿಗೆ ಬಟ್ಟೆ ಒಣಹಾಕಲು ಹೋದಾಗಲೆಲ್ಲ ಚಾಮುಂಡಿಬೆಟ್ಟದ ಕಡೆಗೊಮ್ಮೆ ಕೈಮುಗಿಯುವುದು ನನ್ನ ಅಭ್ಯಾಸ. ಮೊಮ್ಮಗನಿಗೆ ಶಾಲೆಯಲ್ಲಿ ಅದೇ ಬೆಟ್ಟವನ್ನು ಪಕ್ಕದಿಂದ ನೋಡಿದ ಹಾಗೆ, ಮನೆಯಿಂದ ತುದಿಯವರೆಗೆ ಅಳತೆಗೆ ಸರಿಯಾಗಿ ಬರೆದು ತರಲು ಹೇಳಿದರು. ನೇರ ದೂರ ಸುಮಾರು 8 ಕಿಲೋಮೀಟರ್. ಊರಿನ ನೆಲದಿಂದ ಬೆಟ್ಟ ಎದ್ದಿರುವುದು ಸುಮಾರು 300 ಮೀಟರ್. 200 ಮೀಟರಿಗೆ 1 ಸೆಂಟಿಮೀಟರ್ ಎಂದು ಹುಡುಗ ಲೆಕ್ಕ ಹಿಡಿದ. ದೂರ 40 ಸೆಂಟಿಮೀಟರ್ ಬಂತು. ಬೆಟ್ಟ? ಬರೀ ಒಂದೂವರೆ!

"ಅಜ್ಜಿ, ಇದು ದೋಸೆ ಮೇಲಿನ ಗುಳ್ಳೆ ಹಾಗಿದೆ" ಎಂದು ಮುಖ ಸಣ್ಣದು ಮಾಡಿದ. ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತಿಳಿದ ನನ್ನ ಮಂಡಿಗಳೂ ಅದನ್ನು ಒಪ್ಪಲಿಲ್ಲ. ಕೊನೆಗೆ ಎತ್ತರವನ್ನು ಮಾತ್ರ ಐದು ಪಟ್ಟು ಹಿಗ್ಗಿಸಿದ. ಬೆಟ್ಟ ಗತ್ತಿನಿಂದ ಎದ್ದು ನಿಂತಿತು. ಅವನ ಮೇಷ್ಟ್ರು "ಎತ್ತರ 5 ಪಟ್ಟು ಹೆಚ್ಚಿಸಿದೆ" ಎಂದು ಅಡಿಯಲ್ಲಿ ಬರೆಸಿದರು.

ವಿಜ್ಞಾನಿಗಳೂ ಹೀಗೆ ಮಾಡುತ್ತಾರಂತೆ. 1990ರಿಂದ 1994ರವರೆಗೆ ಶುಕ್ರಗ್ರಹವನ್ನು ಸುತ್ತಿದ ಅಮೆರಿಕದ ಮೆಗೆಲನ್ ನೌಕೆಯ ಮಾಹಿತಿಯಿಂದ ತಯಾರಿಸಿದ ಹಲವು ಚಿತ್ರಗಳಲ್ಲಿ ಎತ್ತರವನ್ನು 22.5 ಪಟ್ಟು ಹಿಗ್ಗಿಸಿದ್ದರು. ನೋಡಿದವರು ಶುಕ್ರನ ತುಂಬ ಚೂಪು ಶಿಖರಗಳೇ ಎಂದುಕೊಂಡರು. ಡೇವಿಡ್ ಮಾರಿಸನ್ ಎಂಬ ವಿಜ್ಞಾನಿ 1992ರಲ್ಲಿ, ಇನ್ನು 'ಚಪ್ಪಟೆ ಶುಕ್ರ ಸಂಘ' ಕಟ್ಟಬೇಕು ಎಂದು ತಮಾಷೆ ಮಾಡಿದರು.

ನಮ್ಮ ಮನೆಯಲ್ಲಿ ಇದು ತಮಾಷೆಯಾಗಿ ಉಳಿಯಲಿಲ್ಲ. ಮಗಳು ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಹುಟ್ಟಿದಾಗ 3 ಕಿಲೋ ಇದ್ದ ಮಗು ಐದನೆಯ ದಿನ 2 ಕಿಲೋ 800 ಗ್ರಾಂ. ಮಗಳು ಅದನ್ನು ಮೊಬೈಲಿಗೆ ತುಂಬಿಸಿದಳು. ಗೆರೆ ಬಾವಿಗೆ ಬಿದ್ದ ಕೊಡದಂತೆ ಸರ್ರನೆ ಇಳಿದಿತ್ತು! "ಅಮ್ಮಾ, ನನ್ನ ಹಾಲು ಸಾಲ್ತಿಲ್ಲ, ಮಗು ಕರಗಿಹೋಗ್ತಿದೆ" ಎಂದು ಅತ್ತಳು. ನೋಡಲು ಬಂದವರೊಬ್ಬರು ಬಾಟಲಿ ಹಾಲಿನ ಮಾತೂ ಎತ್ತಿದರು.

ಮೊಮ್ಮಗ ಬಗ್ಗಿ ನೋಡಿದ. "ಅತ್ತೆ, ಎಷ್ಟು ಪಟ್ಟು ಅಂತ ಇದರಲ್ಲಿ ಬರೆದೇ ಇಲ್ವಲ್ಲ!" ನಿಜ, ಗೆರೆಯ ತಳ ಸೊನ್ನೆಯಾಗಿರಲಿಲ್ಲ, 2 ಕಿಲೋ 750 ಗ್ರಾಂ. ಸೊನ್ನೆಯಿಂದ ಶುರುಮಾಡಿ ಚೌಕಳಿ ಹಾಳೆಯ ಮೇಲೆ ಅವನೇ ಬರೆದು ತೋರಿಸಿದ. ಇಳಿತ ಕಂಡೂ ಕಾಣದಷ್ಟು. ನಾನು ನಿಟ್ಟುಸಿರು ಬಿಟ್ಟು ನಕ್ಕೆ. ಮಗಳು ನಗಲಿಲ್ಲ. "ಹೀಗೆ ಬರೆದರೆ ಮಗು ನಿಜವಾಗಿ ಸೊರಗಿದ್ರೂ ಕಾಣಿಸಲ್ಲವಲ್ಲಮ್ಮ?"

ಆ ಮಾತು ನನಗೆ ನಾಟಿತು. ಮರುದಿನ ಡಾಕ್ಟರ ಬಳಿ ಹೋದೆವು. ಅವರು ಎರಡು ಚಿತ್ರವನ್ನೂ ಪಕ್ಕಕ್ಕಿಟ್ಟು, ಮಗು ದಿನಕ್ಕೆ ಎಷ್ಟು ಸಲ ಒದ್ದೆ ಮಾಡುತ್ತದೆ ಎಂದು ಕೇಳಿದರು, ಹಾಲು ಕುಡಿಯುವುದನ್ನು ಕೂತು ನೋಡಿದರು, ಮತ್ತೆ ತೂಗಿದರು. "ನೂರಕ್ಕೆ ಏಳರಷ್ಟೂ ಇಳಿದಿಲ್ಲ. ಮೊದಲ ದಿನಗಳಲ್ಲಿ ಇಷ್ಟು ಇಳಿಯೋದು ಸಾಮಾನ್ಯ. ಎರಡು ವಾರದ ಹೊತ್ತಿಗೆ ಮತ್ತೆ ತೂಗೋಣ" ಎಂದರು. ಹದಿನಾಲ್ಕನೆಯ ದಿನ ಕೂಸು 3 ಕಿಲೋ ದಾಟಿತ್ತು.

ಈಗ ಮಗಳು ಗಂಡನ ಮನೆಯಿಂದ ಫೋನ್ ಮಾಡಿ ಏನಾದರೂ ದೂರು ಶುರುಮಾಡಿದರೆ "ಎಷ್ಟು ಪಟ್ಟು ಅಂತ ಮೊದಲು ಹೇಳು" ಎಂದು ರೇಗಿಸುತ್ತೇನೆ. ಅವಳೂ ನಗುತ್ತಾಳೆ. ಆದರೆ "ಏನಿಲ್ಲಮ್ಮ, ಎಲ್ಲಾ ಸರಿಯಾಗಿದೆ" ಎಂದ ದಿನ ಮಾತ್ರ ನಾನು ಫೋನ್ ಇಡುವುದಿಲ್ಲ. ಇನ್ನೂ ಸ್ವಲ್ಪ ಹೊತ್ತು ಕೇಳಿಸಿಕೊಳ್ಳುತ್ತೇನೆ.