ಏನ್ ಸೀನು ಮಗಾ?

ಸಂಜೆ ವಿಜಯನಗರದ ಮೆಟ್ರೊ ನಿಲ್ದಾಣದಲ್ಲಿ ಕಾಲೇಜು ಹುಡುಗರ ಗುಂಪಿನ ಪಕ್ಕ ನಿಂತು ಕಿವಿಗೊಡಿ. ‘ಏನ್ ಸೀನು ಮಗಾ?’ ಎಂದರೆ ಏನು ಸಮಾಚಾರ, ಮುಂದೇನು ಎಂದರ್ಥ. ‘ಜಾಸ್ತಿ ಸೀನ್ ಹಾಕ್ಬೇಡ’ ಎಂದರೆ ಮೆರೆಯಬೇಡ. ‘ಮನೇಲಿ ದೊಡ್ಡ ಸೀನ್ ಆಗೋಯ್ತು’ ಎಂದರೆ ಜಗಳವಾಗಿದೆ. ‘ನಾಳೆ ಬರೋ ಸೀನೇ ಇಲ್ಲ’ ಎಂದರೆ ಖಂಡಿತ ಬರುವುದಿಲ್ಲ. ಇಂಗ್ಲಿಷಿನಿಂದ ಬಂದ ನಾಮಪದ ಒಂದೇ. ಅದರಿಂದ ಇಷ್ಟೊಂದು ಅರ್ಥ ಹೊರಡಿಸುತ್ತಿರುವುದು ಪಕ್ಕದಲ್ಲಿ ಕೂತ ಕನ್ನಡದ ಹಾಕು, ಆಗು, ಇಲ್ಲ.

ಇದನ್ನು ಕೇಳಿ ಕನ್ನಡ ಕೆಟ್ಟಿತೆಂದು ಕೊರಗುವವರು ರಾಜಾಜಿನಗರದ ಪಾರ್ಕು ಬೆಂಚುಗಳಲ್ಲಿ ಬಹಳ ಸಿಗುತ್ತಾರೆ. ಅವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ, ತೀರ್ಮಾನ ಮಾತ್ರ ಒಪ್ಪಿಗೆಯಿಲ್ಲ. ‘ಬರೋ ಸೀನೇ ಇಲ್ಲ’ ಎಂಬುದನ್ನು ಬಿಡಿಸಿ ನೋಡಿ. ‘ಬರೋ ಮಾತೇ ಇಲ್ಲ’ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ, ಅಚ್ಚು ಅದೇ. ಮಾತು ಎದ್ದ ಜಾಗದಲ್ಲಿ ಸೀನ್ ಬಂದು ಕೂತಿದೆ. ಒತ್ತಿ ಹೇಳುವ ಏಕಾರ ಕೂಡ ತಪ್ಪಿಲ್ಲ. ಆದರೆ ಎರಡೂ ಪೂರಾ ಒಂದೇ ಅಲ್ಲ. ‘ಮಾತೇ ಇಲ್ಲ’ ಎನ್ನುವಲ್ಲಿ ಆಡುವವರ ಹಟ ಹೆಚ್ಚು. ‘ಸೀನೇ ಇಲ್ಲ’ ಎನ್ನುವಲ್ಲಿ ಅಂಥದ್ದು ನಡೆಯುವ ಚಿತ್ರವೇ ಕಣ್ಣಮುಂದೆ ಬರುತ್ತಿಲ್ಲ ಎಂಬ ಭಾವ. ‘ಈ ಸಲ ಆರ್‌ಸಿಬಿ ಗೆಲ್ಲೋ ಸೀನೇ ಇಲ್ಲ’ ಎಂದು 2008ರಿಂದ ಹೇಳುತ್ತ ಬಂದವರು 2025ರ ಜೂನ್ 3ರ ರಾತ್ರಿ ತಂಡ ಕಪ್ ಗೆದ್ದಾಗ ಬೀದಿಗಿಳಿದು ಕುಣಿದರು. ಅಲ್ಲಿ ‘ಗೆಲ್ಲೋ ಮಾತೇ ಇಲ್ಲ’ ಎಂದಿದ್ದರೆ ಆ ಹದಿನೇಳು ವರ್ಷಗಳ ಸಂಕಟ ಹಿಡಿಯುತ್ತಿರಲಿಲ್ಲ.

ಪದವೂ ನಿನ್ನೆ ಮೊನ್ನೆಯದಲ್ಲ. ಕಂಪನಿ ನಾಟಕದವರು ಬಣ್ಣ ಬಳಿದ ಪರದೆಗಳಿಗೆ ಸೀನು, ಸೀನರಿ ಎಂದೇ ಹೇಳುತ್ತಿದ್ದರು. ಅರಮನೆ ಸೀನು, ಕಾಡಿನ ಸೀನು, ಬೀದಿ ಸೀನು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ 1934ರಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ‘ಕುರುಕ್ಷೇತ್ರ’ ಆಡಿತು. ಅಂಥ ವೈಭವ ನೋಡಿದ ಜನಕ್ಕೆ ಸೀನ್ ಎಂದರೆ ಕಣ್ಣು ಕೋರೈಸುವ ವಸ್ತುವೇ ಆಗಿತ್ತು. ಕೆಂಗೇರಿ, ಮಾಗಡಿ ಕಡೆಯ ಊರುಗಳಲ್ಲಿ ಇಂದಿಗೂ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ಪೌರಾಣಿಕ ನಾಟಕ ಕಲಿಯುತ್ತಾರೆ. ದುರ್ಯೋಧನನೋ ಕೃಷ್ಣನೋ ಆಗಬೇಕೆಂದರೆ ಪಾತ್ರಧಾರಿಯೇ ಕೈಯಿಂದ ಹಣ ಹಾಕುತ್ತಾನೆ, ಸೀನರಿಯನ್ನು ಬಾಡಿಗೆಗೆ ತರಿಸುತ್ತಾರೆ. ಅಷ್ಟು ಖರ್ಚು ಮಾಡಿ ಕಿರೀಟ ಇಟ್ಟುಕೊಂಡವನು ಬೆಳಗಿನ ಜಾವದವರೆಗೆ ರಂಗ ಬಿಟ್ಟು ಇಳಿಯುವುದುಂಟೆ? ಸೀನ್ ಹಾಕುವುದರ ಗತ್ತು ಆ ಪರದೆಯಿಂದಲೇ ಇಳಿದು ಬಂದಂತಿದೆ. ತಮಿಳಿನಲ್ಲೂ ‘ಸೀನ್ ಪೋಡು’ ಎಂಬ ಮಾತಿದೆ. ರಾಜಾಜಿನಗರಕ್ಕೆ ತಾಗಿದ ಶ್ರೀರಾಮಪುರದಲ್ಲಿ ಎರಡು ಭಾಷೆಗಳೂ ಒಂದೇ ವಠಾರದಲ್ಲಿ ಬೆಳೆದಿವೆ. ಯಾರಿಂದ ಯಾರು ಕಲಿತರು ಎಂಬ ಲೆಕ್ಕ ಅಲ್ಲಿ ಯಾರಿಗೂ ಬೇಕಾಗಿಲ್ಲ. ಇನ್ನೂ ಹಿಂದಕ್ಕೆ ಹೋದರೆ ಪದದ ಬೇರು ಗ್ರೀಕರ ‘ಸ್ಕೀನೆ’. ನಟರು ವೇಷ ಬದಲಿಸುತ್ತಿದ್ದ, ರಂಗದ ಹಿಂದಿನ ಡೇರೆ ಅದು.

ಸೀನ್ ಹಾಕುವುದಕ್ಕೆ ಸಮಾನಾರ್ಥಕ ಪದಗಳೇನೋ ಇವೆ: ಬಿಲ್ಡಪ್, ಸ್ಕೋಪ್, ಶೋಕಿ, ಧಿಮಾಕು, ಗಾಂಚಾಲಿ. ಒಂದರ ಬದಲು ಇನ್ನೊಂದನ್ನು ಇಟ್ಟು ನೋಡಿ, ಹುಡುಗರು ತಕ್ಷಣ ತಿದ್ದುತ್ತಾರೆ. ಬಿಲ್ಡಪ್ ಕೊಡುವುದು ಬಾಯಲ್ಲಿ. ಗೆಳೆಯನ ಪರವಾಗಿಯೂ ಕೊಡಬಹುದು. ಸ್ಕೋಪ್ ತಗೊಳ್ಳುವವನಿಗೆ ನಾಲ್ಕು ಜನ ತನ್ನತ್ತ ತಿರುಗಿದರೆ ಸಾಕು, ಅವನಿಂದ ಯಾರಿಗೂ ತೊಂದರೆಯಿಲ್ಲ. ಗಾಂಚಾಲಿಯಲ್ಲಿ ಎದುರಿನವರನ್ನು ಲೆಕ್ಕಕ್ಕಿಡದ ಉದ್ಧಟತನವಿದೆ, ಅದನ್ನು ಕೇಳಿದರೆ ಕೈ ಮಿಲಾಯಿಸುವವರೆಗೂ ಹೋದೀತು. ಶೋಕಿ ಬಟ್ಟೆಬರೆ, ಬೈಕಿಗೆ ಸೇರಿದ್ದು. ಸೀನ್ ಹಾಕುವುದಕ್ಕೆ ಮಾತ್ರ ನೋಡುವವರೂ ಬೇಕು, ನಾಟಕವೂ ಬೇಕು. ಒಂಟಿಯಾಗಿ ಕೂತವನು ಧಿಮಾಕಿನಲ್ಲಿರಬಹುದು, ಸೀನ್ ಹಾಕಲಾರ. ಇಷ್ಟು ನಯವಾದ ಭೇದವನ್ನು ಯಾವ ಮೇಷ್ಟ್ರೂ ಹೇಳಿಕೊಡದೆ ಪಾಲಿಸುವ ಮಕ್ಕಳಿಗೆ ಭಾಷೆ ಬಾರದು ಎನ್ನಲು ನನಗೆ ಮನಸ್ಸಾಗದು.

ನಮ್ಮದೇ ‘ಸೀನು’ ಬೇರೆ ಇದೆಯಲ್ಲ, ಹೊರಟಾಗ ಬಂದರೆ ಒಂದು ಗಳಿಗೆ ಕೂರಿಸುವಂಥದ್ದು. ಬಸವೇಶ್ವರನಗರದ ಯಾವುದೇ ಬೀದಿಯಲ್ಲಿ ‘ಸೀನೂ’ ಎಂದು ಕೂಗಿದರೆ ಒಬ್ಬ ಶ್ರೀನಿವಾಸನಾದರೂ ತಿರುಗಿ ನೋಡುತ್ತಾನೆ. ಮೂರೂ ಒಂದೇ ಬಾಯಲ್ಲಿ ಓಡಾಡಿದರೂ ಗೊಂದಲವಾದದ್ದನ್ನು ನಾನು ಕಂಡಿಲ್ಲ.

ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಪದಗಳಿಗೆ ಪ್ರೀತಿಯಿಂದ ಉತ್ತರಿಸಿದರು. ಅವರು 2021ರಲ್ಲಿ ತೀರಿಕೊಂಡರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಶಾಸನ, ಕಾವ್ಯಗಳನ್ನು ಜಾಲಾಡಿ ಕಟ್ಟಿದ್ದು. ಬೀದಿಯ ಮಾತಿಗೂ ಅಂಥದೇ ದುಡಿಮೆ ಸಲ್ಲಬೇಕು: ಹಾಕು, ಕೊಡು, ಆಗು, ಇಲ್ಲ ಎಂದು ಕ್ರಿಯಾಪದಗಳ ಪ್ರಕಾರ ಅರ್ಥ ವಿಂಗಡಿಸಿ, ಪ್ರತಿ ಪ್ರಯೋಗ ಯಾವ ಊರಲ್ಲಿ, ಯಾವ ವಯಸ್ಸಿನವರ ಬಾಯಲ್ಲಿ ಕೇಳಿಬಂತೆಂದು ವರ್ಷದ ಸಮೇತ ಬರೆದಿಡಬೇಕು. ಈ ಕೆಲಸವನ್ನು ಕನ್ನಡ ಎಂ.ಎ. ಓದುತ್ತಿರುವ ವಿಜಯನಗರದ ಹುಡುಗಿಯೊಬ್ಬಳು ಈ ವರ್ಷವೇ ಶುರು ಮಾಡಬಹುದು.