‘ಏಲಿಯನ್’ ಕತೆ ಇನ್ನೂ ಮುಂದುವರಿಯಬೇಕೇ?

1979ರಲ್ಲಿ ರಿಡ್ಲಿ ಸ್ಕಾಟ್ ನಿರ್ದೇಶನದ ‘ಏಲಿಯನ್’ ಚಿತ್ರದಿಂದ ಆರಂಭವಾದ ಕತೆ ಇನ್ನೂ ಮುಗಿದಿಲ್ಲ. 2024ರ ‘ಏಲಿಯನ್: ರೊಮುಲಸ್’ ಸೇರಿ ಏಳು ಚಿತ್ರಗಳಾದವು. ಅದೇ ಜೀವಿಯನ್ನು ‘ಪ್ರಿಡೇಟರ್’ ಜೊತೆ ಕಾದಾಡಿಸಿದ ಇನ್ನೆರಡು ಚಿತ್ರಗಳು ಬೇರೆ. 2025ರಲ್ಲಿ ‘ಏಲಿಯನ್: ಅರ್ತ್’ ಎಂಬ ಟಿ.ವಿ. ಸರಣಿಯೂ ಬಂತು. ಹೊಸದು ಬಂದಾಗಲೆಲ್ಲ ‘ಇನ್ನು ಸಾಕು’ ಎನ್ನುವವರೂ ‘ಇನ್ನೊಂದಿರಲಿ’ ಎನ್ನುವವರೂ ವಾದಕ್ಕಿಳಿಯುತ್ತಾರೆ. ನಾವು ಕತೆ ಬರೆಯುವವರು. ಕತೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದು ನಮ್ಮ ಕಸುಬಿನ ಪ್ರಶ್ನೆಯೂ ಹೌದು.

ಉದ್ದವಾಯಿತೆಂಬ ಒಂದೇ ಕಾರಣಕ್ಕೆ ಕತೆ ಕೆಡುವುದಿಲ್ಲ. ಉರ್ದು ಓದಿದ ನಮಗೆ ಇದು ಚೆನ್ನಾಗಿ ಗೊತ್ತು. ಲಕ್ನೋದ ನವಲ್ ಕಿಶೋರ್ ಮುದ್ರಣಾಲಯ ಅಚ್ಚು ಹಾಕಿದ ಅಮೀರ್ ಹಂಝಾರ ದಾಸ್ತಾನ್ 46 ಸಂಪುಟಗಳಷ್ಟಿದೆ. ಮುಗಿಯುವ ಕತೆಯನ್ನು ಮುಗಿಯಗೊಡದೆ ರಾತ್ರಿಯಿಂದ ರಾತ್ರಿಗೆ ಎಳೆಯುವುದೇ ದಾಸ್ತಾನ್‌ಗಾರನ ಹೆಚ್ಚುಗಾರಿಕೆ. ಆದ್ದರಿಂದ ‘ಇಷ್ಟೊಂದು ಭಾಗ ಯಾಕೆ?’ ಎಂಬ ಆಕ್ಷೇಪ ನಮ್ಮದಲ್ಲ. ಎಳೆಯುವಾಗ ಕತೆಯ ಜೀವ ಉಳಿದಿದೆಯೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಈ ಕತೆಯ ಜೀವ ಯಾವುದು? ಸ್ವಿಟ್ಜರ್‌ಲ್ಯಾಂಡಿನ ಕಲಾವಿದ ಎಚ್. ಆರ್. ಗೀಗರ್ ರೂಪಿಸಿದ ಆ ಭಯಂಕರ ಪ್ರಾಣಿ ಎಂದು ಹೆಚ್ಚಿನವರು ಹೇಳುತ್ತಾರೆ. ಮೊದಲ ಚಿತ್ರವನ್ನು ಗಮನವಿಟ್ಟು ನೋಡಿದವರಿಗೆ ಬೇರೊಂದು ಕಾಣುತ್ತದೆ. ‘ನೊಸ್ಟ್ರೊಮೊ’ ಎಂಬ ಹಡಗು 2 ಕೋಟಿ ಟನ್ ಅದಿರು ಎಳೆದುಕೊಂಡು ಭೂಮಿಗೆ ಮರಳುತ್ತಿದೆ. ಅದರಲ್ಲಿರುವ ಏಳು ಜನ ವೀರರೇನಲ್ಲ, ಸಂಬಳಕ್ಕೆ ದುಡಿಯುವವರು. ನಿದ್ದೆಯಿಂದೆದ್ದು ಊಟಕ್ಕೆ ಕೂತೊಡನೆ ಕೆಳಗಿನ ಯಂತ್ರದ ಕೋಣೆಯ ಇಬ್ಬರು ಎತ್ತುವ ಮಾತು ಬೋನಸ್ಸಿನದು: ನಮಗೇಕೆ ಉಳಿದವರಿಗಿಂತ ಕಡಿಮೆ ಪಾಲು? ನಡುವೆ ಒಂದು ಗ್ರಹಕ್ಕೆ ಇಳಿಯಬೇಕಾಗುತ್ತದೆ. ಇಳಿಯದಿದ್ದರೆ ಕರಾರಿನ ಪ್ರಕಾರ ಪಾಲೇ ಇಲ್ಲ. ಕೊನೆಗೆ ರಿಪ್ಲಿ ಎಂಬ ಹೆಣ್ಣುಮಗಳಿಗೆ ಕಂಪೆನಿಯ ಗುಪ್ತ ಆದೇಶ ಸಿಗುತ್ತದೆ: ಜೀವಿಯನ್ನು ತನ್ನಿ, ಸಿಬ್ಬಂದಿ ಹೋದರೂ ಅಡ್ಡಿಯಿಲ್ಲ. ಪ್ರಾಣಿ ಕೊಲ್ಲುವುದು ಅದರ ಸ್ವಭಾವ. ಕಂಪೆನಿ ಕೊಲ್ಲುವುದು ಲೆಕ್ಕ ಹಾಕಿ. ಕೆಲಸಗಾರನ ಬೆವರು ಆರುವ ಮೊದಲು ಕೂಲಿ ಸಲ್ಲಬೇಕೆಂದು ಕೇಳಿ ಬೆಳೆದ ನಮ್ಮನ್ನು ಹೆಚ್ಚು ಹೆದರಿಸಿದ್ದು ಈ ಎರಡನೆಯದೇ.

ಮುಂದುವರಿಕೆಗೆ ಒಂದು ಬೆಲೆಯಿದೆ. 1986ರಲ್ಲಿ ಜೇಮ್ಸ್ ಕ್ಯಾಮರೂನ್ ಮಾಡಿದ ‘ಏಲಿಯನ್ಸ್’ನಲ್ಲಿ ರಿಪ್ಲಿ ಪ್ರಾಣ ಒತ್ತೆಯಿಟ್ಟು ನ್ಯೂಟ್ ಎಂಬ ತಬ್ಬಲಿ ಹುಡುಗಿಯನ್ನು ಉಳಿಸಿಕೊಳ್ಳುತ್ತಾಳೆ. 1992ರ ಮೂರನೆಯ ಚಿತ್ರ ಶುರುವಾಗುವಷ್ಟರಲ್ಲಿ ಆ ಮಗು ಮಲಗಿದ್ದ ಪೆಟ್ಟಿಗೆಯಲ್ಲೇ ನೀರು ತುಂಬಿ ಸತ್ತಿದೆ. ಅದೇ ಚಿತ್ರದ ಕೊನೆಯಲ್ಲಿ, ತನ್ನೊಳಗಿನ ಜೀವಿ ಕಂಪೆನಿಯ ಕೈಸೇರದಿರಲೆಂದು ರಿಪ್ಲಿ ಕುಲುಮೆಗೆ ಹಾರುತ್ತಾಳೆ. ಕತೆಗೆ ಅದಕ್ಕಿಂತ ಸರಿಯಾದ ಮುಕ್ತಾಯವಿರಲಿಲ್ಲ. 1997ರಲ್ಲಿ ಅವಳ ರಕ್ತದಿಂದ ಇನ್ನೊಬ್ಬ ರಿಪ್ಲಿಯನ್ನು ತಯಾರಿಸಿ ನಿಲ್ಲಿಸಿದರು. 2012ರ ‘ಪ್ರೊಮಿಥಿಯಸ್’ ಮತ್ತು 2017ರ ‘ಕವನೆಂಟ್’ನಲ್ಲಿ ಮತ್ತೆ ಸ್ಕಾಟ್ ಅವರೇ ಬಂದು, ಈ ಜೀವಿಯ ಮೂಲವೇನೆಂದು ವಿವರಿಸಲು ಹೊರಟರು. ಕತ್ತಲೆಯಲ್ಲಿದ್ದಾಗ ಅದು ಭಯವಾಗಿತ್ತು. ದೀಪ ಹಚ್ಚಿ ವಂಶಾವಳಿ ಓದಿದ ಮೇಲೆ ಬರಿಯ ಪ್ರಾಣಿಯಾಯಿತು.

2019ರಲ್ಲಿ ಡಿಸ್ನಿ ಫಾಕ್ಸ್ ಸಂಸ್ಥೆಯನ್ನು ಕೊಂಡಾಗ ಈ ಕತೆಯೂ ಅದರ ಪಾಲಿಗೆ ಬಂತು. ಆಮೇಲೆ ಫೆಡೆ ಅಲ್ವಾರೆಝ್ ಮಾಡಿದ ‘ರೊಮುಲಸ್’ನ ಆರಂಭ ನಮಗೆ ತುಂಬ ಹಿಡಿಸಿತು. ಗಣಿ ಕಾಲೊನಿಯ ಅನಾಥ ಹುಡುಗಿಯೊಬ್ಬಳು ಕರಾರಿನ ಗಂಟೆಗಳನ್ನು ದುಡಿದು ಮುಗಿಸಿ ಬಿಡುಗಡೆ ಕೇಳುತ್ತಾಳೆ. ಗಂಟೆಗಳ ಲೆಕ್ಕವನ್ನೇ ಏರಿಸಲಾಗಿದೆ, ಇನ್ನೂ ವರ್ಷಗಟ್ಟಲೆ ದುಡಿಯಬೇಕು ಎಂಬ ಉತ್ತರ ಸಿಗುತ್ತದೆ. ಪಾಸ್‌ಪೋರ್ಟ್ ಮಾಲೀಕನ ಕೈಯಲ್ಲಿಟ್ಟು ಕೊಲ್ಲಿಯಲ್ಲಿ ದುಡಿದವರ ಮನೆಯವರಿಗೆ ಈ ದೃಶ್ಯಕ್ಕೆ ವ್ಯಾಖ್ಯಾನ ಬೇಕಾಗಿಲ್ಲ.

ಆದರೆ ಅದೇ ಚಿತ್ರದಲ್ಲಿ ಮುಂದೆ ಮುರಿದುಬಿದ್ದ ಯಂತ್ರಮಾನವನೊಂದು ತಲೆಯೆತ್ತಿ ಮಾತಾಡುತ್ತದೆ. ಅದರ ಮುಖ ಇಯಾನ್ ಹೋಮ್ ಅವರದು. 1979ರಲ್ಲಿ ಕಂಪೆನಿಯ ಗೂಢಚಾರ ಯಂತ್ರಮಾನವನಾಗಿ ನಟಿಸಿದ್ದ ಹೋಮ್ 2020ರಲ್ಲೇ ತೀರಿಹೋಗಿದ್ದರು. ಬೊಂಬೆ, ಕಂಪ್ಯೂಟರು, ಇನ್ನೊಬ್ಬ ನಟನ ಅಭಿನಯ ಎಲ್ಲವನ್ನೂ ಬೆರೆಸಿ ಅವರನ್ನು ಮತ್ತೆ ದುಡಿಸಲಾಯಿತು. ಕುಟುಂಬದ ಒಪ್ಪಿಗೆ ಪಡೆದೇ, ಗೌರವದಿಂದಲೇ ಮಾಡಿದ್ದೇವೆ ಎಂದು ಚಿತ್ರ ತಂಡ ಹೇಳಿದೆ. ಅದನ್ನು ನಾವು ಸುಳ್ಳೆನ್ನುವುದಿಲ್ಲ. ಆದರೂ ಮನಸ್ಸು ಒಪ್ಪುವುದಿಲ್ಲ. ಮನೆಯವರ ಒಪ್ಪಿಗೆ ಅವರದೇ, ಹೋದವರದಲ್ಲ. ನಟನೊಬ್ಬ ಈ ಮಾತನ್ನು ಹೀಗೆ ಹೇಳಲೇ, ಇಲ್ಲಿ ಸ್ವಲ್ಪ ತಡೆಯಲೇ ಎಂದು ಯೋಚಿಸುತ್ತಾನೆ. ಆ ಆಯ್ಕೆಗಳೇ ಅವನ ಕಲೆ. ತೆರೆಯ ಮೇಲೆ ಮುಖವಿತ್ತು, ಆಯ್ಕೆ ಇರಲಿಲ್ಲ. ಮಯ್ಯತ್ತಿಗೂ ಮರ್ಯಾದೆಯಿದೆ, ಅದನ್ನು ಮೆಲ್ಲಗೆ ಎತ್ತಬೇಕು, ಮೆಲ್ಲಗೆ ಇಡಬೇಕು ಎಂದು ನಮ್ಮ ಮನೆಗಳಲ್ಲಿ ಕಲಿಸುತ್ತಾರೆ. ಮುಖಕ್ಕೆ ಆ ಮರ್ಯಾದೆ ಬೇಡವೇ?

ಇದು ನಮ್ಮೊಬ್ಬರ ಅಳುಕಲ್ಲ. 2023ರಲ್ಲಿ ಅಮೆರಿಕದ ನಟರ ಸಂಘ 118 ದಿನ ಮುಷ್ಕರ ಹೂಡಿದಾಗ, ತಮ್ಮ ಮುಖ ಮತ್ತು ದನಿಯ ನಕಲನ್ನು ಒಪ್ಪಿಗೆಯಿಲ್ಲದೆ ಬಳಸಬಾರದೆಂಬುದು ಮುಖ್ಯ ಬೇಡಿಕೆಗಳಲ್ಲೊಂದಾಗಿತ್ತು. ಹೆಸರಿಲ್ಲದೆ ಗುಂಪಿನಲ್ಲಿ ನಿಲ್ಲುವ ಸಣ್ಣ ನಟರಿಗೇ ಆ ಭಯ ಹೆಚ್ಚು. ಹೋಮ್ ಅವರಂಥ ದೊಡ್ಡ ನಟನ ಮನೆಗೆ ಫೋನ್ ಹೋಗುತ್ತದೆ. ಅವರ ಮನೆಗೆ ಯಾರು ಮಾಡುತ್ತಾರೆ?

ಹಾಗಾದರೆ ‘ಏಲಿಯನ್’ ನಿಲ್ಲಬೇಕೇ? ಬೇಡ ಎಂದೇ ನಾವು ಹೇಳುತ್ತೇವೆ. ಮನುಷ್ಯನಿಗಿಂತ ಸರಕು ದೊಡ್ಡದೆಂಬ ಲೆಕ್ಕ ಜಗತ್ತಿನಲ್ಲಿ ಇರುವವರೆಗೆ ಈ ಕತೆಗೆ ಕೆಲಸವಿದೆ. ‘ಏಲಿಯನ್: ಅರ್ತ್’ನಲ್ಲಿ ಕಂಪೆನಿಯೊಂದು ಸಾಯುತ್ತಿರುವ ಮಕ್ಕಳ ಮನಸ್ಸನ್ನು ಯಂತ್ರದ ದೇಹಕ್ಕೆ ವರ್ಗಾಯಿಸಿ, ಆ ಮಕ್ಕಳನ್ನೇ ತನ್ನ ಸೊತ್ತು ಮಾಡಿಕೊಳ್ಳುತ್ತದೆ. ಇದು ನಮ್ಮ ಕಾಲದ ಭಯ. ಇಂಥದನ್ನು ಹೇಳುವುದಾದರೆ ಇನ್ನೂ ಹತ್ತು ಭಾಗ ಬರಲಿ, ನೋಡುತ್ತೇವೆ. ಅದನ್ನು ಬದುಕಿರುವ ನಟರಿಂದ, ತಕ್ಕ ಸಂಬಳ ಕೊಟ್ಟು ಮಾಡಿಸಲಿ. ಇಯಾನ್ ಹೋಮ್ ಅವರ ಪಾಲಿನ ಕೆಲಸ 1979ರಲ್ಲೇ ಮುಗಿದಿದೆ. ಅವರಿಗಾದರೂ ಬಿಡುಗಡೆ ಸಿಗಲಿ.